ಪ್ಯಾಟರ್ನ್ ಏಳು

"ಒಂದು ಪದ ಅಷ್ಟೇ," ಎಂದು ಶ್ರೀನಾಥ್ ಲ್ಯಾಪ್‌ಟಾಪನ್ನು ಅವಳ ಕಡೆ ತಿರುಗಿಸಿದ.

ವಿಮಾನ ಆಗಷ್ಟೇ ಮೋಡ ದಾಟಿ ಬಿಸಿಲಿಗೆ ಬಂದಿತ್ತು. ರುದ್ರಾಣಿ ಪರದೆ ನೋಡಲಿಲ್ಲ. ಯಾವ ಪದವೆಂದು ಅವಳಿಗೆ ಗೊತ್ತಿತ್ತು. ಹೊಸ ಬಟ್ಟೆ ಹಳೆಯದಕ್ಕಿಂತ ಕಳಪೆ ಎಂದು ಅವಳು ವರದಿಯಲ್ಲಿ ಬರೆದಿದ್ದಳು. ಅವನು ಆ ಕಳಪೆಯನ್ನು ಅಳಿಸಿ 'ಕಂಪ್ಯಾರಬಲ್' ಎಂದು ಹಾಕಿದ್ದ.

"ಕಂಪ್ಯಾರಬಲ್ ಅಲ್ಲ ಅದು."

"ಹೆಚ್ಚುಕಮ್ಮಿ ಕಂಪ್ಯಾರಬಲ್."

"ಕಮ್ಮಿ. ಹೆಚ್ಚೇನಿಲ್ಲ."

ಅವನು ನಕ್ಕ. ಅವಳು ಏನು ಹೇಳಿದರೂ ಮೊದಲು ನಗುವುದು ಅವನ ಅಭ್ಯಾಸ. ಇಪ್ಪತ್ತೈದು ವರ್ಷದ ಹಿಂದೆ ಬೆಂಗಳೂರಿನಿಂದ ವಿದ್ಯಾರ್ಥಿಯಾಗಿ ಬಂದು, ಪೆಟ್ರೋಲ್ ಬಂಕಿನಲ್ಲಿ ದುಡಿದು, ಪಿಆರ್ ಎಂಬ ಕಾಯಂ ವಾಸದ ಪರವಾನಗಿ ಮಾಡಿಸಿಕೊಂಡು, ಈಗ ಕಂಪನಿಯ ಮೆಲ್ಬರ್ನ್ ಶಾಖೆಗೆ ಮುಖ್ಯಸ್ಥನಾಗಿದ್ದ. ಅವಳನ್ನು ಕೆಲಸಕ್ಕೆ ಸೇರಿಸಿದವನೂ ಅವನೇ. ಅದನ್ನು ಅವನು ಯಾವತ್ತೂ ನೆನಪಿಸುತ್ತಿರಲಿಲ್ಲ. ನೆನಪಿಸುವ ಅಗತ್ಯ ಬೀಳದ ಹಾಗೆ ಅವಳು ನಡೆದುಕೊಂಡಿದ್ದಳು.

ಅವಳ ಕೆಲಸವನ್ನು ಇನ್ನೊಬ್ಬರಿಗೆ ಹೇಳುವುದು ಕಷ್ಟ. ಅವಳು ವಾಸವಿದ್ದ ಟ್ರುಗನಿನಾ ಬಡಾವಣೆಯ ನೆರೆಮನೆಯವರ ಲೆಕ್ಕದಲ್ಲಿ ಅವಳು 'ಡಿಫೆನ್ಸ್'ನಲ್ಲಿದ್ದಳು. ಧಾರವಾಡದ ಅತ್ತೆಯ ಲೆಕ್ಕದಲ್ಲಿ ಕಣ್ಣಿನ ಡಾಕ್ಟರು. ನಿಜ ಇಷ್ಟು: ಕತ್ತಲೆ ಕೋಣೆಯಲ್ಲಿ ಒಬ್ಬರನ್ನು ಕೂರಿಸಿ, ಪರದೆಯ ಮೇಲೆ ಕಾಡಿನ ಚಿತ್ರ ತೋರಿಸುವುದು. ಚಿತ್ರದಲ್ಲಿ ಎಲ್ಲೋ ಒಬ್ಬ ಸಮವಸ್ತ್ರ ತೊಟ್ಟು ನಿಂತಿರುತ್ತಾನೆ. ಅವನು ಕಂಡ ಕೂಡಲೇ ಗುಂಡಿ ಒತ್ತಬೇಕು. ಎಷ್ಟು ಸೆಕೆಂಡು ಹಿಡಿಯಿತು ಎಂದು ಅವಳು ಬರೆದುಕೊಳ್ಳುತ್ತಿದ್ದಳು. ಹೆಚ್ಚು ಹೊತ್ತು ಹಿಡಿದರೆ ಒಳ್ಳೆಯ ಬಟ್ಟೆ. ಮನುಷ್ಯರನ್ನು ಕಾಣದಂತೆ ಮಾಡುವುದರಲ್ಲಿ ಪಿಎಚ್‌ಡಿ ಮಾಡಿದವಳು ಎಂದು ಗಂಡ ಶಂಭುಲಿಂಗ ಸ್ನೇಹಿತರೆದುರು ಚೇಷ್ಟೆ ಮಾಡುತ್ತಿದ್ದ.

ಈ ಸಲದ ಬಟ್ಟೆಗೆ ಪ್ಯಾಟರ್ನ್ ಏಳು ಎಂದು ಹೆಸರು. ಯಾವುದೋ ಸಣ್ಣ ದೇಶದ ಸೈನ್ಯಕ್ಕೆ ಕಂಪನಿ ನೇಯ್ದು ಕೊಡಲಿದ್ದ ಬಟ್ಟೆ. ಹಸಿರು, ಕಂದು, ಬೂದಿ ಬಣ್ಣದ ಸಣ್ಣ ಸಣ್ಣ ಚೌಕಗಳು. ಕೈಯಲ್ಲಿ ಹಿಡಿದರೆ ಚೆಂದ. ನಲವತ್ತು ಮೀಟರ್ ದೂರದಲ್ಲಿ ಆ ಚೌಕಗಳೆಲ್ಲ ಕಲಸಿಹೋಗಿ ಮನುಷ್ಯನಾಕಾರದ ಒಂದೇ ಬೂದಿ ತೇಪೆ. ಕಾಡಿನಲ್ಲಿ ಅಷ್ಟು ಅಚ್ಚುಕಟ್ಟಾದ ಬೂದಿ ಎಲ್ಲೂ ಇರುವುದಿಲ್ಲ. ಆ ಸೈನ್ಯ ನಲವತ್ತು ವರ್ಷದಿಂದ ತೊಡುತ್ತಿದ್ದ ಹಳೆಯ ಸಾದಾ ಹಸಿರು ಬಟ್ಟೆ ಕಣ್ಣಿಗೆ ಬೀಳಲು ನಾಲ್ಕು ಸೆಕೆಂಡು ಬೇಕಿತ್ತು. ಪ್ಯಾಟರ್ನ್ ಏಳಕ್ಕೆ ಮೂರೂ ಬೇಡ.

"ಒಂದು ಸೆಕೆಂಡು, ರುದ್ರಾಣಿ," ಎಂದ ಶ್ರೀನಾಥ್. "ಒಂದು ಸೆಕೆಂಡಲ್ಲಿ ಏನಾಗತ್ತೆ?"

ಅವಳು ಕಿಟಕಿಯ ಆಚೆ ನೋಡಿದಳು. ಏನಾಗುತ್ತದೆಂದು ಇಬ್ಬರಿಗೂ ಗೊತ್ತಿತ್ತು. ಅದು ಪ್ರಶ್ನೆಯಾಗಿರಲಿಲ್ಲ.

"ಮತ್ತೆ ಆ ಹನ್ನೊಂದು ಜನ?" ಎಂದಳು.

"ಅವರು ಔಟ್‌ಲೈಯರ್ಸ್."

ಪರೀಕ್ಷೆಗೆ ಬಂದವರು ಮೂವತ್ತು ಜನ. ಅದರಲ್ಲಿ ಹನ್ನೊಂದು ಜನ ಪ್ಯಾಟರ್ನ್ ಏಳನ್ನು ಒಂದು ಸೆಕೆಂಡಿನೊಳಗೆ ಕಂಡುಹಿಡಿದಿದ್ದರು. ಕೆಲವರು ಹಳೆಯ ಸೈನಿಕರು, ಇಬ್ಬರು ಮೊಲದ ಬೇಟೆಯಾಡುವ ರೈತರು, ಒಬ್ಬಳು ಬೀಚಿನ ಲೈಫ್‌ಗಾರ್ಡ್. ಕಣ್ಣು ಪಳಗಿದವರು, ಆದ್ದರಿಂದ ಸಾಮಾನ್ಯರಲ್ಲ, ಆದ್ದರಿಂದ ಲೆಕ್ಕಕ್ಕೆ ಬೇಡ ಎಂದು ಶ್ರೀನಾಥ್ ಅವರನ್ನು ತೆಗೆದುಹಾಕಿದ್ದ. ಉಳಿದ ಹತ್ತೊಂಬತ್ತು ಜನರ ಸರಾಸರಿ ನಾಲ್ಕು ಸೆಕೆಂಡಿನ ಹತ್ತಿರಕ್ಕೆ ಬಂದು ನಿಂತಿತ್ತು. ಕಂಪ್ಯಾರಬಲ್.

"ಶತ್ರುವಿನ ಕಣ್ಣೂ ಪಳಗಿರತ್ತಲ್ವಾ," ಎಂದಳು.

"ನಮ್ಮ ಕೆಲಸ ಬಟ್ಟೆ ಟೆಸ್ಟ್ ಮಾಡೋದು. ಶತ್ರುನ ಅಲ್ಲ."

ಇಂಥ ಮಾತುಗಳನ್ನು ಅವನು ಬಹಳ ಸಲೀಸಾಗಿ ಆಡುತ್ತಿದ್ದ. ಹಿಂದಿನ ಐದು ವರದಿಗಳಲ್ಲಿ ಅವಳು ಅಂಥ ಮಾತುಗಳ ಕೆಳಗೆ ಸಹಿ ಮಾಡಿದ್ದಳು. ಒಮ್ಮೆ 'ಆಶಾದಾಯಕ' ಎಂಬ ಪದಕ್ಕೆ, ಒಮ್ಮೆ 'ಇನ್ನಷ್ಟು ಅಧ್ಯಯನ ಬೇಕು' ಎಂಬ ವಾಕ್ಯಕ್ಕೆ. ಆಗೆಲ್ಲ ನಿದ್ದೆ ಕೆಟ್ಟಿರಲಿಲ್ಲ. ಈ ಸಲ ಯಾಕೆ ಒಲ್ಲೆನೆಂದು ಕೂತಿದ್ದಾಳೆ ಎಂದು ಶ್ರೀನಾಥನಿಗೆ ನಿಜಕ್ಕೂ ಅರ್ಥವಾಗಿರಲಿಲ್ಲ. ಅವಳಿಗೂ ಪೂರ್ತಿ ಆಗಿರಲಿಲ್ಲ.

ಶೇಖರಪ್ಪನವರ ಕಾರಣದಿಂದ ಇರಬಹುದು.

ಅವರು ಆ ಹನ್ನೊಂದು ಜನರಲ್ಲಿ ಒಬ್ಬರು. ಬೆಳಗಾವಿ ಕಡೆಯವರು, ಸೈನ್ಯದಲ್ಲಿ ಇಪ್ಪತ್ತನಾಲ್ಕು ವರ್ಷ ಇದ್ದು ಹವಾಲ್ದಾರರಾಗಿ ನಿವೃತ್ತರಾದವರು. ಮೆಲ್ಬರ್ನಿನ ಅಂಚಿನ ಕ್ರಾನ್‌ಬರ್ನ್‌ನಲ್ಲಿ ಮಗಳ ಮನೆಯಲ್ಲಿ ಹೊತ್ತು ಹೋಗದೆ ಪೇಪರಿನಲ್ಲಿ ಜಾಹೀರಾತು ನೋಡಿ, ರೈಲು ಬದಲಾಯಿಸಿ, ಎಪ್ಪತ್ತೊಂದನೆಯ ವಯಸ್ಸಿನಲ್ಲಿ ಒಬ್ಬರೇ ಬಂದಿದ್ದರು. ಅವರು ಗುಂಡಿ ಒತ್ತಿದ ವೇಗ ನೋಡಿ ಯಂತ್ರ ಕೆಟ್ಟಿದೆ ಅಂದುಕೊಂಡು ರುದ್ರಾಣಿ ಮತ್ತೆ ಮೊದಲಿನಿಂದ ಮಾಡಿಸಿದ್ದಳು. ಎರಡನೆಯ ಸಲ ಇನ್ನೂ ಬೇಗ ಒತ್ತಿದರು.

ಪರೀಕ್ಷೆ ಮುಗಿದ ಮೇಲೆ ಚಹಾ ಕುಡಿಯುತ್ತ ಅವರು ಹೇಳಿದ್ದು ಇಷ್ಟೇ: "ತಂಗಿ, ಇದು ಅಡಗಾಕ ಮಾಡಿದ್ದಲ್ಲ. ಫೋಟೋ ತಗಸ್ಕೊಳ್ಳಾಕ ಮಾಡಿದ್ದು."

ಯಾವ ದೇಶದ ಸೈನ್ಯಕ್ಕೆ ಎಂದು ಕೇಳಿದರು. ಹೇಳುವ ಹಾಗಿಲ್ಲ ಎಂದಳು. ಅದನ್ನು ಅವರು ಒಪ್ಪಿಕೊಂಡರು. ಆಮೇಲೆ, "ಇದಕ್ಕ ಸಹಿ ಯಾರ ಮಾಡ್ತಾರ?" ಎಂದರು.

"ನಾನ."

ಅವರು ಕಪ್ಪನ್ನು ಸಿಂಕಿನಲ್ಲಿ ತಾವೇ ತೊಳೆದಿಟ್ಟು, ಟೋಪಿ ಹಾಕಿಕೊಂಡು ಹೋದರು. ಬೈದಿದ್ದರೆ ಮರೆತುಬಿಡುತ್ತಿದ್ದಳು.

ಸಿಡ್ನಿಯಲ್ಲಿ ಇಳಿದಾಗ ಬಿಸಿಲು ಚುರುಗುಟ್ಟುತ್ತಿತ್ತು. ಬೆಳಿಗ್ಗೆ ಮನೆ ಬಿಟ್ಟಾಗ ಕಾರಿನ ಗಾಜಿನ ಮೇಲೆ ಇಬ್ಬನಿ ಕಟ್ಟಿತ್ತು. ಇಲ್ಲಿ ಅಕ್ಟೋಬರ್ ಎಂದರೆ ಆಗಲೇ ಬೇಸಿಗೆ. ಸ್ವೆಟರನ್ನು ಕೈಮೇಲೆ ಹಾಕಿಕೊಂಡು ಅವಳು ಶ್ರೀನಾಥನ ಹಿಂದೆ ನಡೆದಳು. ಟ್ಯಾಕ್ಸಿಯಲ್ಲಿ ಅವನು ವರದಿಯ ಮಾತು ಎತ್ತಲಿಲ್ಲ. ಎಪ್ಪಿಂಗ್‌ನಲ್ಲಿ ಹೊಸದಾಗಿ ಎದ್ದಿರುವ ಅಪಾರ್ಟ್‌ಮೆಂಟುಗಳ ಬಗ್ಗೆ, ಅಲ್ಲಿ ಮನೆ ತೆಗೆದುಕೊಂಡ ತನ್ನ ಭಾವಮೈದುನನ ಬಗ್ಗೆ ಮಾತಾಡಿದ. ಕಂಪನಿಯ ಸಿಡ್ನಿ ಕಚೇರಿ ಎಪ್ಪಿಂಗ್ ದಾಟಿದರೆ ಕಾಡಿನ ಅಂಚಿನಲ್ಲಿತ್ತು.

ಅತಿಥಿಗಳು ಮೂವರು. ಒಬ್ಬ ಕರ್ನಲ್, ಒಬ್ಬ ಇಲಾಖೆಯ ಅಧಿಕಾರಿ, ಅವರಿಬ್ಬರ ಮಾತಿಗೂ ತಲೆಯಾಡಿಸುವ ಒಬ್ಬ ಯುವಕ. ಕೈಕುಲುಕಿ ವಿಸಿಟಿಂಗ್ ಕಾರ್ಡ್ ಕೊಟ್ಟರು. ಮಧ್ಯದ ಮೇಜಿನ ಮೇಲೆ ಪ್ಯಾಟರ್ನ್ ಏಳರ ಒಂದು ಜೊತೆ ಸಮವಸ್ತ್ರವನ್ನು ಇಸ್ತ್ರಿ ಮಾಡಿ ಮಡಿಸಿ ಇಟ್ಟಿದ್ದರು. ಅದಕ್ಕೆ ಹೂವಿನ ಹಾರ ಒಂದು ಕಡಿಮೆ ಎನ್ನಿಸಿತು ರುದ್ರಾಣಿಗೆ.

ಶ್ರೀನಾಥ್ ಇಪ್ಪತ್ತು ನಿಮಿಷ ಮಾತಾಡಿದ. ಚೆನ್ನಾಗಿಯೇ ಮಾತಾಡಿದ. ಪ್ರಶ್ನೆಗಳಿವೆಯೇ ಎಂದಾಗ ಕರ್ನಲ್, ಬಟ್ಟೆಯನ್ನು ಎಷ್ಟು ಸಲ ಒಗೆದರೆ ಬಣ್ಣ ಹೋಗುತ್ತದೆ ಎಂದು ಕೇಳಿದ. ಅಧಿಕಾರಿ, ಪೆರೇಡಿನಲ್ಲಿ ಟೀವಿ ಕ್ಯಾಮೆರಾಕ್ಕೆ ಹೇಗೆ ಕಾಣುತ್ತದೆ ಎಂದು ಕೇಳಿದ. ಬಹಳ ಚೆನ್ನಾಗಿ ಕಾಣುತ್ತದೆ ಎಂದು ಶ್ರೀನಾಥ್ ಹೇಳಿದ್ದು ಅಪ್ಪಟ ಸತ್ಯ.

"ಒಂದು ವಿಷಯ," ಎಂದಳು ರುದ್ರಾಣಿ ಇಂಗ್ಲಿಷಿನಲ್ಲಿ.

ಎಲ್ಲರೂ ಅವಳ ಕಡೆ ತಿರುಗಿದರು. ಶ್ರೀನಾಥ್ ನಗಲು ಶುರುಮಾಡಿದ.

ಮೂವತ್ತು ಜನರ ಪೈಕಿ ಹನ್ನೊಂದು ಜನರನ್ನು ಈ ಲೆಕ್ಕದಿಂದ ಬಿಟ್ಟಿದ್ದೇವೆ ಎಂದು ಅವಳು ಹೇಳಿದಳು. ಎಲ್ಲರಿಗಿಂತ ಚೆನ್ನಾಗಿ ಕಣ್ಣು ಕಾಣುವ ಹನ್ನೊಂದು ಜನರನ್ನು. ಧ್ವನಿ ನಡುಗಲಿಲ್ಲ. ನಡುಗಬಹುದೆಂದು ವಿಮಾನದಲ್ಲಿ ಹೆದರಿದ್ದಳು.

ಕರ್ನಲ್ ಗಂಭೀರವಾಗಿ ತಲೆಯಾಡಿಸಿದ. ನೀವು ಇಷ್ಟು ಕಟ್ಟುನಿಟ್ಟಾಗಿ ಕೆಲಸ ಮಾಡುತ್ತೀರಿ ಎಂದು ತಿಳಿದು ಸಂತೋಷವಾಯಿತು ಎಂದ. ಅಧಿಕಾರಿ ಅದನ್ನು ಬರೆದುಕೊಂಡ. ಯುವಕ ತಲೆಯಾಡಿಸಿದ.

ಅವಳು ಇನ್ನೊಮ್ಮೆ ಬಿಡಿಸಿ ಹೇಳಲು ಬಾಯಿ ತೆರೆದಳು. ಅಷ್ಟರಲ್ಲಿ ಕರ್ನಲ್, ಅಂಕಿಸಂಖ್ಯೆ ನಮ್ಮಂಥವರಿಗೆ ತಿಳಿಯದು, ಅದಕ್ಕೇ ಹೊರಗೆ ಡೆಮೊ ಇದೆಯಲ್ಲ, ನಮ್ಮ ಕಣ್ಣಿಂದಲೇ ನೋಡುತ್ತೇವೆ ಎಂದು ಎದ್ದ.

ಕಾರಿಡಾರಿನಲ್ಲಿ ಶ್ರೀನಾಥ್ ಅವಳ ಪಕ್ಕಕ್ಕೆ ಬಂದ. ಅವನು ಸಿಟ್ಟಾಗಿರಲಿಲ್ಲ, ಬೇರೆಯದೇ ತೊಂದರೆಯಲ್ಲಿದ್ದ. ಸಮವಸ್ತ್ರ ಹಾಕಿಕೊಂಡು ಕಾಡಿನಲ್ಲಿ ನಿಲ್ಲಬೇಕಿದ್ದವನು ಜ್ವರವೆಂದು ಫೋನ್ ಮಾಡಿದ್ದ. ಬಟ್ಟೆಯ ಅಳತೆ ಚಿಕ್ಕದು. ಶ್ರೀನಾಥನ ಹೊಟ್ಟೆಗೆ ಆಗದು. ಸಿಡ್ನಿ ಕಚೇರಿಯಲ್ಲಿ ಅಂದು ಇದ್ದ ಉಳಿದಿಬ್ಬರು ಆರಡಿ ಮೀರಿದ ಆಳುಗಳು.

"ನಾನು ಹಾಕ್ಕೋತೀನಿ," ಎಂದಳು ರುದ್ರಾಣಿ.

ಅವನು ಅವಳ ಮುಖ ನೋಡಿದ. ಆಮೇಲೆ ಹಗುರಾಗಿ ನಿಟ್ಟುಸಿರು ಬಿಟ್ಟು, "ಥ್ಯಾಂಕ್ಸ್ ರುದ್ರಾಣಿ. ಐ ನ್ಯೂ," ಎಂದ. ಏನು ಗೊತ್ತಿತ್ತೆಂದು ಹೇಳಲಿಲ್ಲ.

ಹೆಂಗಸರ ಟಾಯ್ಲೆಟ್ಟಿನಲ್ಲಿ ಅವಳು ಬಟ್ಟೆ ಬದಲಾಯಿಸಿದಳು. ಪ್ಯಾಂಟು ಉದ್ದವಾಗಿತ್ತು, ಎರಡು ಸುತ್ತು ಮಡಿಸಿ, ಫೋನನ್ನೂ ಅತಿಥಿಗಳ ಕಾರ್ಡುಗಳನ್ನೂ ಅದರ ಜೇಬಿಗೆ ಸೇರಿಸಿದಳು. ಬೂಟಿಗೆ ಮುಂದೆ ಟಿಶ್ಯೂ ಕಾಗದ ತುರುಕಿದಳು. ಟೋಪಿಯೊಳಗೆ ಜಡೆ ಸೇರಿಸಿ ಕನ್ನಡಿ ನೋಡಿದರೆ ಅಲ್ಲಿ ಯಾರೋ ಒಬ್ಬ ಸಣ್ಣ ಕಪ್ಪು ಸೈನಿಕ, ನಲವತ್ತೆರಡು ವರ್ಷದವನು, ಕನ್ನಡಕ ಹಾಕಿದವನು. ಕನ್ನಡಕ ತೆಗೆಯಬೇಕೆಂದು ಅನ್ನಿಸಿ ಮತ್ತೆ ಬೇಡವೆಂದುಕೊಂಡಳು. ಕಾಣಲಿ.

ಅವಳ ಲೆಕ್ಕ ಸರಳವಾಗಿತ್ತು. ಮೂರು ಸೆಕೆಂಡಿನಲ್ಲಿ ಅವರಿಗೆ ಕಾಣುತ್ತೇನೆ. ಅಂಕಿ ತಿಳಿಯದವರಿಗೆ ಆಳನ್ನೇ ತೋರಿಸಿದಂತಾಯಿತು. ಕರ್ನಲ್ ಬೆರಳು ತೋರಿಸುತ್ತಾನೆ. ಅಲ್ಲಿಗೆ ಕಂಪ್ಯಾರಬಲ್ ಎಂಬ ಪದ ಸಾಯುತ್ತದೆ. ಹದಿನಾರು ವರ್ಷದಲ್ಲಿ ಮೊದಲ ಸಲ ಅವಳಿಗೆ ಕೆಲಸದಲ್ಲಿ ಎದೆ ಹೊಡೆದುಕೊಂಡಿತು. ಕುಣಿಯುವ ಹುಡುಗಿಯ ಎದೆಯ ಹಾಗೆ.

ಕಚೇರಿಯ ಹಿಂದೆ ಒಂದು ಹುಲ್ಲುಹಾಸು, ಅದರ ಕೊನೆಯಲ್ಲಿ ಚಾವಣಿ ಹಾಕಿದ ಕಟ್ಟೆ, ಬಾರ್ಬೆಕ್ಯೂ ಒಲೆ. ಅಲ್ಲಿಂದಾಚೆ ಕಾಡು. ನೆಟ್ಟಗೆ ಬೆಳೆದ ಬಿಳಿ ನೀಲಗಿರಿ ಮರಗಳು, ಕೆಳಗೆ ಜರಿಗಿಡ, ನೆಲದ ತುಂಬ ಒಣ ಎಲೆ, ಸುಲಿದ ತೊಗಟೆ. ಅತಿಥಿಗಳು ಚಾವಣಿಯ ಕೆಳಗೆ ನಿಂತು ನಲವತ್ತು ಮೀಟರ್ ದೂರದ ಮರಗಳ ಸಾಲನ್ನು ನೋಡಬೇಕು. ಸೀಟಿ ಹೊಡೆದಾಗ ಹುಡುಕಲು ಶುರು. ಕಂಡವರು ಕೈ ಎತ್ತಬೇಕು. ಹತ್ತು ನಿಮಿಷ ಅವಧಿ.

ರುದ್ರಾಣಿ ಸುತ್ತುಬಳಸಿ ಹೋಗಿ ಮರಗಳ ನಡುವೆ ನಿಂತಳು. ಯಾವ ಮರದ ಹಿಂದೆಯೂ ಅಲ್ಲ. ಯಾವ ಪೊದೆಯೊಳಗೂ ಅಲ್ಲ. ಎರಡು ಮರಗಳ ನಡುವಿನ ಬಯಲಲ್ಲಿ, ಎದೆಯನ್ನು ಅವರ ಕಡೆ ಮಾಡಿ, ಕೈ ಪಕ್ಕಕ್ಕೆ ಇಳಿಬಿಟ್ಟು. ಪರೀಕ್ಷೆಯ ನಿಯಮ ಅದೇ. ಮೋಸ ಇರಕೂಡದು.

ಸೀಟಿ ಕೇಳಿತು.

ಒಂದು. ಎರಡು. ಮೂರು.

ಕರ್ನಲ್ ಕಣ್ಣಿಗೆ ಕೈ ಅಡ್ಡ ಹಿಡಿದು ಕಾಡಿನ ಈ ತುದಿಯಿಂದ ಆ ತುದಿಗೆ ಒಮ್ಮೆ ಕತ್ತು ತಿರುಗಿಸಿದ. ಒಳಗಿನಿಂದ ಯಾರೋ ಟ್ರೇಯಲ್ಲಿ ತಣ್ಣನೆಯ ಬಾಟಲಿಗಳನ್ನು ತಂದರು. ಕರ್ನಲ್ ಒಂದನ್ನು ತೆಗೆದುಕೊಂಡ. ಅಧಿಕಾರಿ ಏನೋ ಕೇಳಿದ. ಶ್ರೀನಾಥ್ ನಕ್ಕು, ಬಲಗೈಯಿಂದ ಬ್ಯಾಟು ಬೀಸಿದ ಹಾಗೆ ಮಾಡಿ ತೋರಿಸಿದ. ಮೂವರೂ ಅವನ ಕಡೆ ತಿರುಗಿದರು.

ಮೂವತ್ತು. ನಲವತ್ತು.

ಅವರ ಬೆನ್ನುಗಳು ಅವಳಿಗೆ ಸ್ಪಷ್ಟವಾಗಿ ಕಾಣುತ್ತಿದ್ದವು. ಅಂಗಿಯ ಬೆವರಿನ ಗುರುತು ಕೂಡ. ಇಲ್ಲಿಂದ ನೋಡಿದರೆ ಅವರೇ ಗುರಿಗಳು.

ಎರಡು ನಿಮಿಷವಾಗುವ ಹೊತ್ತಿಗೆ ಬಾರ್ಬೆಕ್ಯೂ ಹೊಗೆ ಎದ್ದಿತು. ಯುವಕ ಮಾತ್ರ ಒಮ್ಮೆ ಕಾಡಿನ ಕಡೆ ಇಣುಕಿದ. ಅವನ ನೋಟ ಅವಳ ಮೇಲೆ ಬಂದು ನಿಂತಿತು ಅಥವಾ ನಿಂತ ಹಾಗೆ ತೋರಿತು. ಅವನು ಕರ್ನಲನ ಮುಖ ನೋಡಿದ. ಕರ್ನಲ್ ಕೈ ಎತ್ತಿರಲಿಲ್ಲ. ಯುವಕನೂ ಎತ್ತಲಿಲ್ಲ.

ಅವಳ ಪ್ಯಾಂಟಿನ ಜೇಬಿನಲ್ಲಿ ಫೋನು ನಡುಗಿತು. ಶಂಭುಲಿಂಗ.

"ಎಲ್ಲಿದ್ದಿ?"

"ಕಾಡಿನ್ಯಾಗ."

ಅವನು ಅದನ್ನು ಹಾಗೇ ಬಿಟ್ಟ. ಸಂಯುಕ್ತಾಳನ್ನು ಸಂಜೆ ಈಜಿನ ಕ್ಲಾಸಿನಿಂದ ಯಾರು ಕರಕೊಂಡು ಬರಬೇಕು ಎಂದು ಕೇಳಿದ. ಮಗಳಿಗೆ ಹದಿನೈದು ವರ್ಷ. ಅಮ್ಮನ ಮಾತನ್ನು ಕನ್ನಡದಲ್ಲಿ ಕೇಳಿಸಿಕೊಂಡು ಇಂಗ್ಲಿಷಿನಲ್ಲಿ ತಿರಸ್ಕರಿಸುವ ವಯಸ್ಸು. ನೀನೇ ಹೋಗು ಎಂದಳು.

"ಮೀಟಿಂಗ್ ಮುಗೀತೇನ?"

"ನಡದೈತಿ. ನಾ ಅವರಿಗೆ ಕಾಣವಲ್ಲೆ."

"ಚಲೋನ ಆತಲ್ಲ," ಎಂದ ಶಂಭುಲಿಂಗ. "ಬಟ್ಟಿ ಪಾಸ್ ಆದಂಗ."

ಅವನು ಮನಸಾರೆ ಹೇಳಿದ್ದ. ಅವಳು ಫೋನಿಟ್ಟಳು.

ಇದನ್ನು ಬದುಕಿಗೆ ಹೋಲಿಸಿ ಕಣ್ಣು ಒದ್ದೆ ಮಾಡಿಕೊಳ್ಳುವ ಮನಸ್ಸು ಅವಳಿಗಿರಲಿಲ್ಲ. ಪರದೇಶದಲ್ಲಿ ಯಾರಿಗೂ ಕಾಣದೆ ಬಾಳುವ ನೋವಿನ ಬಗ್ಗೆ ಮೆಲ್ಬರ್ನಿನ ಕನ್ನಡದವರು ಹಬ್ಬದ ಸಂಚಿಕೆಗಳಲ್ಲಿ ಸಾಕಷ್ಟು ಬರೆದಿದ್ದರು. ಹಾಗೆ ಬರೆದವರೆಲ್ಲ ಚೆನ್ನಾಗಿ ಕಾಣುವ ಜನ. ಮುಖಪುಟದಲ್ಲೇ ಅವರ ಫೋಟೋ ಇರುತ್ತಿತ್ತು. ಅವಳನ್ನು ಕಾಡಿದ್ದು ಬೇರೆ. ನಾಲ್ಕನೆಯ ನಿಮಿಷದಲ್ಲಿ, ಬೆನ್ನಿಗೆ ಬಿಸಿಲು ಬೀಳುತ್ತಿದ್ದಾಗ, ಇಲ್ಲಿ ಹೀಗೆ ನಿಂತಿರುವುದು ಹಿತವಾಗಿದೆ ಎನ್ನಿಸಿತು. ಯಾರೂ ಏನೂ ಕೇಳುವುದಿಲ್ಲ. ಯಾವ ಪದಕ್ಕೂ ಸಹಿ ಬೇಡ. ಹದಿನಾರು ವರ್ಷದಿಂದ ತಾನು ಬೇಕೆಂದೇ ಹುಡುಕಿಕೊಂಡು ಹೋಗಿ ನಿಂತ ಜಾಗಗಳೆಲ್ಲ ಇಂಥವೇ. ಮೀಟಿಂಗಿನಲ್ಲಿ ಗೋಡೆಯ ಪಕ್ಕದ ಕುರ್ಚಿ. ವರದಿಯಲ್ಲಿ ಮೂರನೆಯ ಹೆಸರು. ಯಾರೂ ತನ್ನನ್ನು ಅಡಗಿಸಿರಲಿಲ್ಲ.

ಹೇಸಿಗೆಯಾಯಿತು. ಆ ಹೇಸಿಗೆಯಿಂದಲೇ ಅವಳು ಇನ್ನಷ್ಟು ನೆಟ್ಟಗೆ ನಿಂತಳು.

ಮತ್ತೆ ಸೀಟಿ ಕೇಳಿತು. ಚಾವಣಿಯ ಕೆಳಗೆ ಚಪ್ಪಾಳೆ. ಫೋನು ಬಂತು.

"ಸೂಪರ್," ಎಂದ ಶ್ರೀನಾಥ್. "ಹತ್ತು ನಿಮಿಷದಲ್ಲಿ ಒಬ್ಬರಿಗೂ ಕಾಣಲಿಲ್ಲ. ಕರ್ನಲ್ ತುಂಬಾ ಇಂಪ್ರೆಸ್ ಆಗಿದಾರೆ. ಬನ್ನಿ, ಊಟ ಮಾಡೋಣ. ನಿಮಗೆ ವೆಜ್ ಬೇರೆ ಮಾಡಿಸಿದೀನಿ."

"ಅವರು ನೋಡಲಿಲ್ಲ."

"ಏನು?"

"ಅವರು ಈ ಕಡೆ ನೋಡಲೇ ಇಲ್ಲ ಶ್ರೀನಾಥ್. ನಿಮ್ಮ ಬ್ಯಾಟಿಂಗ್ ನೋಡ್ತಿದ್ರು."

ಅವನು ಚಾವಣಿಯಿಂದ ಸ್ವಲ್ಪ ದೂರ ಸರಿದು ನಿಂತಿದ್ದು ಅವಳಿಗೆ ಕಾಣಿಸಿತು. "ಅದೆಲ್ಲ ಆಮೇಲೆ ಮಾತಾಡೋಣ. ಬನ್ನಿ."

"ನಾ ಬರಂಗಿಲ್ಲ್ರಿ."

ಅವನ ಜೊತೆ ಅವಳು ಒಂದು ದಿನವೂ ಧಾರವಾಡದ ಮಾತಾಡಿರಲಿಲ್ಲ. ಸೇರಿದ ಮೊದಲ ವಾರ ಯಾರೋ ಅವಳ ಮಾತನ್ನು ಅಣಕಿಸಿ ನಕ್ಕಮೇಲೆ, ಕಚೇರಿಯ ಕನ್ನಡಿಗರ ನಡುವೆ ಬೆಂಗಳೂರಿನ ಮಾತನ್ನೇ ಆಡುತ್ತಿದ್ದಳು. ಈಗ ಅದು ಬಾಯಿಗೆ ಬರಲಿಲ್ಲ.

"ಅವರು ನೋಡೂತನಕ ನಾ ಇಲ್ಲೇ ನಿಂತಿರ್ತೇನಿ. ಹೇಳ್ರಿ ಅವರಿಗೆ. ಎರಡು ಮರದ ನಡುವ ನಿಂತಾಳ, ಬಯಲಾಗ ನಿಂತಾಳ, ಒಮ್ಮೆ ಕಣ್ಣೆತ್ತಿ ನೋಡ್ರಿ ಅಂತ ಹೇಳ್ರಿ."

"ರುದ್ರಾಣಿ, ಇದೇನು ಹಟ? ನೀವು ಹೆಚ್ಚು ಹೊತ್ತು ನಿಂತಷ್ಟೂ ಬಟ್ಟೆ ಅಷ್ಟು ಚೆನ್ನಾಗಿದೆ ಅಂತಾಗತ್ತೆ. ಅದಾದ್ರೂ ಹೊಳೀತಾ ನಿಮಗೆ?"

ಹೊಳೆದಿತ್ತು.

"ನೋಡಿ," ಎಂದ ಅವನು ತಗ್ಗಿದ ದನಿಯಲ್ಲಿ. ಈಗ ಅವನು ನಗುತ್ತಿರಲಿಲ್ಲ. ಅವಳ ಮೇಲೆ ಕನಿಕರವಿದ್ದ ಹಾಗಿತ್ತು. "ಆರ್ಡರ್ ಹೋದ ತಿಂಗಳೇ ಸೈನ್ ಆಗಿದೆ. ಬಟ್ಟೆ ನೇಯೋಕೆ ಶುರುವಾಗಿದೆ. ಇವತ್ತಿಂದು ಸುಮ್ನೆ ಶಾಸ್ತ್ರ."

"ಹಂಗಾದ್ರ ವರದಿ ಯಾಕ?"

"ಫೈಲಿಗೆ."

"ನಾ ಸಹಿ ಮಾಡಂಗಿಲ್ಲ."

"ಬೇಡ ಬಿಡಿ. ಚಂದ್ರಪ್ರಭಾ ಬೆಳಿಗ್ಗೇನೇ ಮಾಡಿ ಕಳ್ಸಿದಾಳೆ."

ಚಂದ್ರಪ್ರಭಾ ಎಂದರೆ ಲ್ಯಾಬಿನಲ್ಲಿ ಅವಳ ಕೈಕೆಳಗಿನವಳು. ಮೈಸೂರಿನ ಹುಡುಗಿ, ಎರಡು ವರ್ಷದ ಹಿಂದೆ ಸೇರಿದವಳು, ಇನ್ನೂ ಪಿಆರ್ ಆಗಿಲ್ಲದವಳು. ಗುಂಡಿ ಒತ್ತುವವರನ್ನು ಕೂರಿಸುವುದು, ಸಮಯ ಬರೆಯುವುದು, ಎಲ್ಲವನ್ನೂ ಅವಳಿಗೆ ಕಲಿಸಿಕೊಟ್ಟದ್ದು ರುದ್ರಾಣಿ. ಅಂದರೆ ವಿಮಾನದಲ್ಲಿ ಅವನು ಲ್ಯಾಪ್‌ಟಾಪ್ ತಿರುಗಿಸಿದಾಗ ಅವಳ ಸಹಿ ಬೇಕಾಗಿರಲೇ ಇಲ್ಲ. ಅವಳನ್ನು ಸುಮ್ಮನೆ ಮಾತಾಡಿಸಿದ್ದ, ಸೌಜನ್ಯಕ್ಕೆ.

"ಬನ್ನಿ," ಎಂದ ಶ್ರೀನಾಥ್ ಮತ್ತೊಮ್ಮೆ. "ಯಾರೂ ನಿಮ್ಮ ಮೇಲೆ ಸಿಟ್ಟಾಗಿಲ್ಲ."

ಅವಳು ಫೋನು ಕತ್ತರಿಸಿದಳು. ಸಿಟ್ಟಾದರೂ ಆಗಬಾರದೇ.

ಮೂವತ್ತು ಜನರ ಅಂಕಿಗಳಿದ್ದ ಪೂರ್ತಿ ಪಟ್ಟಿ ಅವಳ ಫೋನಿನಲ್ಲಿತ್ತು. ಅದನ್ನು ಹೊರಗಿನವರಿಗೆ ಕೊಡಬಾರದೆಂದು ಕಂಪನಿಯ ಕರಾರಿನಲ್ಲಿತ್ತು. ಆ ಕರಾರಿಗೂ ಅವಳ ಸಹಿ ಇತ್ತು. ಬೆಳಿಗ್ಗೆ ಅತಿಥಿಗಳು ಕೊಟ್ಟ ಮೂರು ಕಾರ್ಡುಗಳನ್ನು ಜೇಬಿನಿಂದ ತೆಗೆದು ಇಮೇಲ್ ವಿಳಾಸಗಳನ್ನು ಒಂದೊಂದಾಗಿ ಬೆರಳಲ್ಲಿ ಒತ್ತಿದಳು. ಹನ್ನೊಂದು ಹೆಸರುಗಳ ಕೆಳಗೆ ಕೆಂಪು ಗೆರೆ ಎಳೆದಳು. ಮೇಲೆ ಒಂದೇ ಸಾಲು ಬರೆದಳು: ಈ ಬಟ್ಟೆ ನಿಮ್ಮ ಸೈನಿಕರನ್ನು ಅಡಗಿಸುವುದಿಲ್ಲ. ಕೆಳಗೆ ತನ್ನ ಪೂರ್ತಿ ಹೆಸರು ಹಾಕಿದಳು. ಕಚೇರಿಯ ಇಂಗ್ಲಿಷಿನವರು ಕರೆಯುವ 'ರೂಡಿ' ಅಲ್ಲ. ರುದ್ರಾಣಿ ಶಂಭುಲಿಂಗ ಹಾದಿಮನಿ. ಕಳಿಸಿದಳು.

ಇನ್ನು ಕೆಲಸ ಇರುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು. ಆದರೂ ಅವಳು ತಲೆಯೆತ್ತಿ ಚಾವಣಿಯ ಕಡೆ ದಿಟ್ಟಿಸಿದಳು.

ಅಧಿಕಾರಿಯ ಕೈ ಎದೆಯ ಜೇಬಿಗೆ ಹೋಯಿತು. ಅವನು ಫೋನು ತೆಗೆದು ಕಣ್ಣಿನಿಂದ ದೂರ ಹಿಡಿದು ನೋಡಿ ಮತ್ತೆ ಒಳಗಿಟ್ಟ. ಯುವಕ ತನ್ನದನ್ನು ಸ್ವಲ್ಪ ಹೆಚ್ಚು ಹೊತ್ತು ನೋಡಿದ. ಅವನು ಓದಿದ, ಓದಿದ್ದು ಅವಳಿಗೆ ಖಚಿತ. ಆಮೇಲೆ ತಟ್ಟೆ ತೆಗೆದುಕೊಂಡು ಸಾಲಿನಲ್ಲಿ ನಿಂತ. ಕರ್ನಲನ ಫೋನು ಮೇಜಿನ ಮೇಲೆ ಮಕಾಡೆ ಬಿದ್ದಿತ್ತು.

ಅವರು ಊಟ ಮಾಡಿದರು. ನಿಧಾನವಾಗಿ, ಬಹಳ ಸಂತೋಷವಾಗಿ. ಒಂದು ಫೋಟೋ ತೆಗೆಸಿಕೊಂಡರು. ಕಾಡು ಹಿಂದೆ ಬರುವ ಹಾಗೆ ನಿಂತಿದ್ದರಿಂದ ಅವಳೂ ಅದರಲ್ಲಿ ಎಲ್ಲೋ ಇರಲೇಬೇಕು. ಆಮೇಲೆ ಕೈಕುಲುಕಿ, ಕಟ್ಟಡದ ಪಕ್ಕದಲ್ಲಿ ಕಾದಿದ್ದ ಕಾರು ಹತ್ತಿ ಹೋದರು.

ಕಾಲು ಮರಗಟ್ಟಿತ್ತು. ಈಗ ಹೊರಗೆ ಹೋಗಬಹುದಿತ್ತು. ಹೋದರೆ ಸಂಜೆಯ ವಿಮಾನ, ಪಕ್ಕದ ಸೀಟಿನಲ್ಲಿ ಶ್ರೀನಾಥ್, ನಾಳೆ ಅಥವಾ ನಾಡಿದ್ದು ಒಂದು ಪತ್ರ. ಪತ್ರಕ್ಕೆ ಅವಳು ಹೆದರಲಿಲ್ಲ. ಅದರಲ್ಲಿ ತನ್ನ ಹೆಸರನ್ನು ಸರಿಯಾಗಿ ಬರೆಯುತ್ತಾರೋ ಇಲ್ಲವೋ ಎಂಬ ಕುತೂಹಲ ಮಾತ್ರ ಇತ್ತು. ಹೋಗಲಿಲ್ಲ. ನೋಡುವ ತನಕ ನಿಂತಿರುತ್ತೇನೆ ಎಂದು ಹೇಳಿಯಾಗಿತ್ತು. ಇವತ್ತು ಅವಳು ಆಡಿದ ಮಾತುಗಳಲ್ಲಿ ಯಾರೂ ತಿದ್ದದೆ ಉಳಿದದ್ದು ಅದೊಂದೇ.

ಎರಡು ಗಂಟೆಯ ಹೊತ್ತಿಗೆ ಶ್ರೀನಾಥ್ ಹುಲ್ಲು ದಾಟಿ ಬಂದ. ಕೋಟು ತೆಗೆದು ಹೆಗಲ ಮೇಲೆ ಹಾಕಿಕೊಂಡಿದ್ದ. ಹೊಳೆಯುವ ಬೂಟಿನಲ್ಲಿ ಜರಿಗಿಡ ತುಳಿಯುತ್ತ, "ರುದ್ರಾಣಿ," ಎಂದು ಕೂಗಿದ. "ರುದ್ರಾಣಿಯವರೇ."

ಅವಳು ಓ ಎನ್ನಲಿಲ್ಲ.

ಅವನು ಇನ್ನೂ ಹತ್ತಿರ ಬಂದ. ಹತ್ತು ಹೆಜ್ಜೆ ಇರಬಹುದು. ಹಣೆ ಒರೆಸಿಕೊಂಡು ಎಡಗಡೆ ನೋಡಿದ, ಬಲಗಡೆ ನೋಡಿದ. ಆಮೇಲೆ ನೇರ ಅವಳ ಕಡೆ ನೋಡಿದ. ಅವಳ ಎದೆಯ ಮೇಲೆ, ಅಲ್ಲಿಂದ ಕನ್ನಡಕದ ಮೇಲೆ ಅವನ ಕಣ್ಣು ಬಂದು ನಿಂತಿತು. ಅವಳು ಕಣ್ಣು ತಗ್ಗಿಸಲಿಲ್ಲ. ಒಂದು. ಎರಡು. ಮೂರು. ನಾಲ್ಕು.

ಅವನ ಮುಖದಲ್ಲಿ ಏನೂ ಬದಲಾಗಲಿಲ್ಲ.

"ಎಲ್ಲಿ ಹೋದ್ರೋ," ಎಂದು ಗಟ್ಟಿಯಾಗಿ, ಯಾರಿಗೋ ಕೇಳಿಸಬೇಕೆಂಬಂತೆ ಹೇಳಿ, ಅವನು ತಿರುಗಿ ಹೊರಟ. ಕಂಡನೋ, ಕಾಣಲಿಲ್ಲವೋ. ಕಂಡು ಹೋದನಾದರೆ ಅವಳು ಗೆದ್ದಳು. ಕಾಣದೆ ಹೋದನಾದರೆ ಅವಳ ಆರು ತಿಂಗಳ ಅಂಕಿಗಳೆಲ್ಲ ಸುಳ್ಳು. ಎರಡರಲ್ಲಿ ಯಾವುದನ್ನು ತಾನು ಬಯಸುತ್ತಿದ್ದೇನೆಂದು ಅವಳಿಗೆ ತಿಳಿಯಲಿಲ್ಲ. ಕೂಗಿ ಕೇಳಬಹುದಿತ್ತು. ಅವನ ಬೆನ್ನು ಹುಲ್ಲುಹಾಸು ದಾಟಿ, ಗಾಜಿನ ಬಾಗಿಲು ತೆರೆದು ಒಳಗೆ ಹೋಗುವ ತನಕ ನೋಡುತ್ತ ನಿಂತಳು.

ಪಕ್ಕದಲ್ಲಿ ಎಲೆಗಳ ಸದ್ದಾಯಿತು.

ಒಂದು ಕಪ್ಪು ಹಕ್ಕಿ, ಕೋಳಿಗಿಂತ ದೊಡ್ಡದು. ತಲೆ ಬೋಳು, ಕೆಂಪಗೆ. ಕೊರಳಲ್ಲಿ ಹಳದಿ ಜೋಲು. ಸಿಡ್ನಿಯವರು ಬ್ರಷ್ ಟರ್ಕಿ ಎಂದು ಬೈಯುವ ಹಕ್ಕಿ. ಸಿಕ್ಕಿದ ಎಲೆಯನ್ನೆಲ್ಲ ಒಟ್ಟಿ ಎದೆಯೆತ್ತರ ಗುಡ್ಡೆ ಹಾಕುತ್ತದೆ, ಮೊಟ್ಟೆಗಳನ್ನು ಅದರೊಳಗೆ ಹೂಳುವುದಕ್ಕೆ. ಅದು ಅವಳಿಗೆ ಬೆನ್ನು ಹಾಕಿ ನಿಂತು ಕಾಲಿನಿಂದ ಹಿಂದಕ್ಕೆ ಒದೆಯಿತು. ಒಣ ಎಲೆಗಳು ಹಾರಿ ಬಂದು ಅವಳ ಬೂಟಿನ ಮೇಲೆ ಬಿದ್ದವು. ಎರಡು ಹೆಜ್ಜೆ ಸರಿದು ಮತ್ತೆ ಒದೆಯಿತು. ಎಲೆ, ತೊಗಟೆಯ ಚೂರು, ಒದ್ದೆ ಮಣ್ಣು.

ರುದ್ರಾಣಿ ಕಾಲು ತೆಗೆಯಲಿಲ್ಲ.

ಹಕ್ಕಿ ಕತ್ತು ಹೊರಳಿಸಿ ಒಂದು ಕಣ್ಣಿನಿಂದ ಅವಳ ಮುಖವನ್ನು ನೋಡಿತು. ದುಂಡಗಿನ, ಹಳದಿ, ರೆಪ್ಪೆ ಬಡಿಯದ ಕಣ್ಣು. ಬಹಳ ಹೊತ್ತು ನೋಡಿತು. ಆಮೇಲೆ ಮತ್ತೆ ಬೆನ್ನು ತಿರುಗಿಸಿ ತನ್ನ ಕೆಲಸ ಮುಂದುವರಿಸಿತು. ಗುಡ್ಡೆ ಅವಳ ಕಣಕಾಲು ದಾಟಿ, ಮಡಿಸಿದ ಪ್ಯಾಂಟಿನ ಅಂಚು ಮುಚ್ಚಿ, ಮೆಲ್ಲಗೆ ಮೊಣಕಾಲಿನ ಕಡೆ ಏರುತ್ತಿತ್ತು.